ಕಲ್ಪಿತ ಭಾಷೆಗಳ ಪದ ಟಂಕಸಾಲೆ

ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಯಾವ ಭಾಷೆಯಲ್ಲೂ ಇಲ್ಲದ ಹತ್ತು ಪದಗಳನ್ನು ನೀವೇ ಹುಟ್ಟಿಸಿ ಒಂದು ಹಾಳೆಯ ಮೇಲೆ ಬರೆಯಿರಿ. ಪ್ರತಿಯೊಂದರ ಎದುರಿಗೆ ನಿಮಗೆ ತೋಚಿದ ಅರ್ಥವನ್ನೂ ಬರೆಯಿರಿ. ಕೆಲಸ ಐದು ನಿಮಿಷಗಳಲ್ಲಿ ಮುಗಿಯುತ್ತದೆ. ಈಗ ಆ ಪದಗಳನ್ನು ಗಮನವಿಟ್ಟು ಪರೀಕ್ಷಿಸಿ. ಅವುಗಳಲ್ಲಿ ಹೆಚ್ಚಿನವು ಸ್ವರದಿಂದ ಕೊನೆಗೊಂಡಿವೆಯೆ? ಪ್ರತಿಯೊಂದು ಧ್ವನಿಯೂ ಕನ್ನಡದ ವರ್ಣಮಾಲೆಯಲ್ಲಿ ಈಗಾಗಲೇ ಇರುವಂಥದೇ? ಹೌದು ಎಂದಾದರೆ ನೀವು ಹೊಸ ಭಾಷೆಯ ಪದಗಳನ್ನು ಸೃಷ್ಟಿಸಿಲ್ಲ. ಕನ್ನಡದ ಅಚ್ಚಿನಲ್ಲೇ ಹತ್ತು ಹೊಸ ನಾಣ್ಯಗಳನ್ನು ಒತ್ತಿದ್ದೀರಿ ಅಷ್ಟೆ.

ಕತೆ, ಕಾದಂಬರಿ, ಚಲನಚಿತ್ರಗಳಿಗಾಗಿ ಭಾಷೆಗಳನ್ನು ಕಟ್ಟಿದವರು ಎದುರಿಸಿದ ಮೊದಲ ಸಮಸ್ಯೆ ಇದೇ. ಪದವನ್ನು ಹುಟ್ಟಿಸುವುದು ಸುಲಭ. ಆ ಪದಕ್ಕೆ ಒಂದು ನೆಲೆ ಒದಗಿಸುವುದು ಕಷ್ಟ. ಈ ಸಮಸ್ಯೆಯನ್ನು ಅವರು ಹೇಗೆ ಬಿಡಿಸಿದರು ಎಂಬ ಇತಿಹಾಸ ಕೇವಲ ಮನರಂಜನೆಯ ವಿಷಯವಲ್ಲ. ವಿಜ್ಞಾನದ ಪಾರಿಭಾಷಿಕ ಪದಗಳೊಡನೆ ದಿನವೂ ಒಡನಾಡುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅದರಲ್ಲಿ ಕಲಿಯಬೇಕಾದ ಸಂಗತಿಗಳಿವೆ.

ಪಟ್ಟಿಯಿಂದ ಆರಂಭ

ಕೃತಕವಾಗಿ ಪದಗಳನ್ನು ರಚಿಸಿದವರಲ್ಲಿ ನಮಗೆ ತಿಳಿದಿರುವ ಬಹು ಹಳೆಯ ಹೆಸರು ಹಿಲ್ಡೆಗಾರ್ಡ್. ಈಕೆ 12ನೆಯ ಶತಮಾನದಲ್ಲಿ ಜರ್ಮನಿಯ ಬಿಂಗೆನ್ ಬಳಿಯ ಸಂನ್ಯಾಸಿನಿಯರ ಮಠವೊಂದರ ಮುಖ್ಯಸ್ಥೆಯಾಗಿದ್ದಳು (1098-1179). ಸಸ್ಯಗಳು, ಔಷಧಗಳು, ಸಂಗೀತ ಈ ಎಲ್ಲವುಗಳ ಬಗ್ಗೆ ಬರೆದ ಆಕೆ 'ಲಿಂಗ್ವಾ ಇಗ್ನೋಟಾ', ಅಂದರೆ 'ಅಜ್ಞಾತ ಭಾಷೆ' ಎಂಬ ಹೆಸರಿನಲ್ಲಿ 1011 ಪದಗಳ ಪಟ್ಟಿಯೊಂದನ್ನು ಬಿಟ್ಟುಹೋಗಿದ್ದಾಳೆ. ಪಟ್ಟಿ ದೇವರಿಂದ ಆರಂಭವಾಗಿ ಮನುಷ್ಯರು, ದೇಹದ ಅಂಗಗಳು, ಗಿಡಮರಗಳು, ಹಕ್ಕಿಗಳು ಹೀಗೆ ಮುಂದುವರಿಯುತ್ತದೆ.

ಈ ಪದಗಳಲ್ಲಿ ಅಲ್ಲಲ್ಲಿ ಒಂದು ಕ್ರಮ ಕಾಣುತ್ತದೆ. 'ಪೆವೆರಿಜ್' ಎಂದರೆ ತಂದೆ, 'ಹಿಲ್ಜ್‌ಪೆವೆರಿಜ್' ಎಂದರೆ ಮಲತಂದೆ. 'ಮಯಿಜ್' ಎಂದರೆ ತಾಯಿ, 'ಹಿಲ್ಜ್‌ಮಯಿಜ್' ಎಂದರೆ ಮಲತಾಯಿ. ನಮ್ಮ 'ಮಲ' ಮಾಡುವ ಕೆಲಸವನ್ನೇ ಅಲ್ಲಿ 'ಹಿಲ್ಜ್' ಮಾಡುತ್ತಿದೆ. ಆದರೆ ಇಡೀ ಪಟ್ಟಿಯಲ್ಲಿ ಇರುವವು ಬಹುತೇಕ ನಾಮಪದಗಳೇ. ಅವುಗಳಿಗೆ ಪ್ರತ್ಯೇಕವಾದ ವ್ಯಾಕರಣವಿಲ್ಲ. ಉಪಯೋಗಿಸಬೇಕೆಂದರೆ ಲ್ಯಾಟಿನ್ ವಾಕ್ಯಗಳ ನಡುವೆ ತುರುಕಬೇಕು.

ಮುಂದೆ 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್‌ನ 'ಯುಟೋಪಿಯಾ' ಪ್ರಕಟವಾಯಿತು. ಎಲ್ಲೂ ಇಲ್ಲದ ಆ ದ್ವೀಪದ ಜನರದೆಂದು ಒಂದು ಅಕ್ಷರಮಾಲೆಯನ್ನೂ ನಾಲ್ಕು ಸಾಲಿನ ಒಂದು ಪದ್ಯವನ್ನೂ ಆ ಪುಸ್ತಕದ ಜೊತೆ ಅಚ್ಚು ಹಾಕಿದರು. ಕಲ್ಪಿತ ನಾಡಿಗೆ ಕಲ್ಪಿತ ನುಡಿ ಎಂಬ ಜೋಡಣೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಅದು ಅಲಂಕಾರದ ಮಟ್ಟದಲ್ಲೇ ಉಳಿಯಿತು. ಆ ಪದ್ಯದಾಚೆಗೆ ಒಂದು ವಾಕ್ಯವನ್ನು ಹೊಸದಾಗಿ ಹೇಳಲು ಓದುಗನಿಗೆ ಸಾಧ್ಯವಿರಲಿಲ್ಲ.

ಬೇರಿನಿಂದ ಪದ

ಪಟ್ಟಿ ಭಾಷೆಯಾಗುವುದಿಲ್ಲ ಎಂಬುದನ್ನು ಚೆನ್ನಾಗಿ ಅರಿತಿದ್ದವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್ (1892-1973). ಅವರ ವೃತ್ತಿ ಪ್ರಾಚೀನ ಇಂಗ್ಲಿಷ್‌ನ ಅಧ್ಯಯನ; ಖಾಸಗಿ ಹವ್ಯಾಸ ಭಾಷೆಗಳನ್ನು ಕಟ್ಟುವುದು. 1931ರಲ್ಲಿ ನೀಡಿದ ಒಂದು ಉಪನ್ಯಾಸದಲ್ಲಿ ಈ ಹವ್ಯಾಸವನ್ನು ಅವರು 'ಗುಟ್ಟಿನ ದುಶ್ಚಟ' ಎಂದೇ ಕರೆದುಕೊಂಡರು. 'ದ ಲಾರ್ಡ್ ಆಫ್ ದ ರಿಂಗ್ಸ್' (1954-55) ಕಾದಂಬರಿಯ ಎಲ್ಫ್ ಜನರ ಭಾಷೆಗಳು ಆ ಕತೆಗಿಂತ ಹಳೆಯವು. ಫಿನ್ನಿಷ್ ಭಾಷೆಯ ಇಂಪಿಗೆ ಮನಸೋತು ಅವರು 'ಕ್ವೆನ್ಯ' ಭಾಷೆಯನ್ನು ರಚಿಸಿದರು. ವೆಲ್ಷ್ ಭಾಷೆಯ ಪ್ರಭಾವದಿಂದ 'ಸಿಂಡರಿನ್' ರೂಪುಗೊಂಡಿತು.

ಟೋಲ್ಕಿನ್ ನೇರವಾಗಿ ಪದ ಟಂಕಿಸುತ್ತಿರಲಿಲ್ಲ. ಮೊದಲು ಒಂದು ಮೂಲ ಧಾತುವನ್ನು ಕಲ್ಪಿಸುತ್ತಿದ್ದರು. ಅನಂತರ ಸಾವಿರಾರು ವರ್ಷಗಳಲ್ಲಿ ಆ ಧಾತುವಿನ ಧ್ವನಿಗಳು ಹೇಗೆ ಬದಲಾಗಿರಬಹುದು ಎಂಬ ನಿಯಮಗಳನ್ನು ಗೊತ್ತುಮಾಡುತ್ತಿದ್ದರು. ಉದಾಹರಣೆಗೆ, 'ಮಾತನಾಡು' ಎಂಬ ಅರ್ಥದ ಮೂಲ ಧಾತು 'ಕ್ವೆತ್'. ಕ್ವೆನ್ಯದಲ್ಲಿ ಅದು ಹೆಚ್ಚು ಬದಲಾಗದೆ 'ಕ್ವೆತ್' ಆಗಿಯೇ ಉಳಿಯಿತು. ಸಿಂಡರಿನ್‌ನಲ್ಲಿ 'ಕ್ವ' ಧ್ವನಿ 'ಪ' ಆಗಬೇಕು, ಸ್ವರದ ನಂತರದ 'ತ' ಧ್ವನಿ 'ದ' ಆಗಬೇಕು ಎಂಬುದು ನಿಯಮ. ಹಾಗಾಗಿ ಅಲ್ಲಿ ಅದು 'ಪೆದ್' ಆಯಿತು. ಈ ನಿಯಮ ಟೋಲ್ಕಿನ್‌ರ ಮನಸ್ಸಿಗೆ ಸುಮ್ಮನೆ ಹೊಳೆದದ್ದಲ್ಲ. ಲ್ಯಾಟಿನ್‌ನಲ್ಲಿ ನಾಲ್ಕು ಎಂಬುದಕ್ಕೆ 'ಕ್ವಾತ್ತುವೋರ್' ಎಂಬ ಪದವಿದೆ. ಅದರ ಸಂಬಂಧಿಯಾದ ವೆಲ್ಷ್ ಪದ 'ಪೆದ್ವರ್'. ನಿಜವಾದ ಭಾಷೆಗಳಲ್ಲಿ ನಡೆದ ಬದಲಾವಣೆಯನ್ನೇ ಅವರು ಕಲ್ಪಿತ ಭಾಷೆಯಲ್ಲಿ ನಡೆಸಿ ತೋರಿಸಿದರು.

ಇಂಥ ಬದಲಾವಣೆ ನಮಗೇನೂ ಅಪರಿಚಿತವಲ್ಲ. ಹಳಗನ್ನಡದ 'ಪಾಲ್' ಇಂದು 'ಹಾಲು'. 'ಪುಲಿ' ಇಂದು 'ಹುಲಿ'. 'ಪೂ' ಇಂದು 'ಹೂ'. ತಮಿಳಿನಲ್ಲಿ ಅದೇ ಪಕಾರ ಹಾಗೆಯೇ ಉಳಿದಿದೆ. ಒಂದು ಪದವಲ್ಲ, ಪದಗಳ ಒಂದು ಸಾಲೇ ಒಟ್ಟಾಗಿ ಬದಲಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಎರಡು ಭಾಷೆಗಳು ಒಂದೇ ಬೇರಿನಿಂದ ಬಂದಿವೆ ಎಂದು ಭಾಷಾವಿಜ್ಞಾನಿಗಳು ಗುರುತಿಸುವುದು ಈ ಕ್ರಮಬದ್ಧತೆಯ ಆಧಾರದ ಮೇಲೆಯೇ. ಟೋಲ್ಕಿನ್ ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆದರು. ಆದ್ದರಿಂದಲೇ ಅವರ ಪದಗಳಿಗೆ ಬಂಧುಬಳಗವಿದೆ. ಒಂದು ಪದ ಗೊತ್ತಾದರೆ ಅದರ ಸೋದರ ಪದವನ್ನು ಊಹಿಸಬಹುದು.

ಪರದೆಗಾಗಿ ಒಂದು ಭಾಷೆ

ಟೋಲ್ಕಿನ್‌ರಿಗೆ ಬೇಕಾದಷ್ಟು ಸಮಯವಿತ್ತು. ಚಲನಚಿತ್ರದವರಿಗೆ ಅದಿರುವುದಿಲ್ಲ. ಅಮೆರಿಕದ 'ಸ್ಟಾರ್ ಟ್ರೆಕ್' ದೂರದರ್ಶನ ಸರಣಿ 1966ರಲ್ಲಿ ಆರಂಭವಾಯಿತು. ಅದರಲ್ಲಿ ಬರುವ ಯುದ್ಧಪ್ರಿಯ ಅನ್ಯಗ್ರಹವಾಸಿಗಳು ಕ್ಲಿಂಗಾನರು. ಬಹುಕಾಲ ಅವರೂ ಇಂಗ್ಲಿಷನ್ನೇ ಆಡುತ್ತಿದ್ದರು. 1979ರ ಚಲನಚಿತ್ರದಲ್ಲಿ ಮೊದಲ ಬಾರಿಗೆ ಅವರ ಬಾಯಿಂದ ಕೆಲವು ಗಡುಸಾದ ಅನ್ಯಭಾಷೆಯ ಮಾತುಗಳು ಹೊರಬಂದವು. ಅವುಗಳನ್ನು ರೂಪಿಸಿದವರಲ್ಲಿ ಸರಣಿಯ ನಟ ಜೇಮ್ಸ್ ಡೂಹಾನ್ ಒಬ್ಬರು. ಅವು ಕಿವಿಗೆ ವಿಚಿತ್ರವಾಗಿ ಕೇಳಲೆಂದು ಮಾಡಿದ ಧ್ವನಿಗಳು. ಹಿಂದೆ ವ್ಯಾಕರಣವೇನೂ ಇರಲಿಲ್ಲ.

1984ರ ಮೂರನೆಯ ಚಿತ್ರಕ್ಕೆ ಮಾತ್ರ ನಿಜವಾದ ಭಾಷೆಯೇ ಬೇಕೆಂದು ನಿರ್ಮಾಪಕರು ತೀರ್ಮಾನಿಸಿದರು. ಆ ಕೆಲಸ ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿಯ ಪಾಲಿಗೆ ಬಂತು. ಎರಡನೆಯ ಚಿತ್ರಕ್ಕೆ (1982) ಅವರು ಇದಕ್ಕಿಂತ ವಿಚಿತ್ರವಾದ ಕೆಲಸ ಮಾಡಿದ್ದರು. ನಟರು ಆಗಲೇ ಇಂಗ್ಲಿಷ್‌ನಲ್ಲಿ ನುಡಿದು ಚಿತ್ರೀಕರಣ ಮುಗಿದಿದ್ದ ದೃಶ್ಯವೊಂದಕ್ಕೆ, ತುಟಿಗಳ ಚಲನೆಗೆ ಹೊಂದುವಂತೆ, 'ವಲ್ಕನ್' ಎಂಬ ಭಾಷೆಯ ಮಾತುಗಳನ್ನು ರಚಿಸಿ ಕೊಟ್ಟಿದ್ದರು.

ಕ್ಲಿಂಗಾನ್ ಭಾಷೆಯನ್ನು ಕಟ್ಟಲು ಕುಳಿತ ಓಕ್ರಾಂಡ್ ಮೊದಲು ಪದಗಳನ್ನು ಮುಟ್ಟಲಿಲ್ಲ. ಧ್ವನಿಗಳನ್ನು ಆರಿಸಿದರು. ಈ ಆಯ್ಕೆಯ ಜಾಣತನವನ್ನು ಕನ್ನಡಿಗರು ಇಂಗ್ಲಿಷ್ ಬಲ್ಲವರಿಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ನಮ್ಮ ವರ್ಣಮಾಲೆಯನ್ನು ನೆನಪಿಸಿಕೊಳ್ಳಿ. ನಾಲಿಗೆ ಹಲ್ಲಿಗೆ ತಾಗಿದರೆ ತ ಮತ್ತು ದ. ಹಿಂದಕ್ಕೆ ಮಡಿಸಿ ಅಂಗುಳಿಗೆ ತಾಗಿಸಿದರೆ ಟ ಮತ್ತು ಡ. ಎರಡು ಸ್ಥಾನ, ಪ್ರತಿ ಸ್ಥಾನದಲ್ಲೂ ಜೋಡಿ. ಮನುಷ್ಯರ ಭಾಷೆಗಳು ಸಾಮಾನ್ಯವಾಗಿ ಹೀಗೆ ಅಚ್ಚುಕಟ್ಟಾದ ಸಾಲುಗಳನ್ನು ಇಷ್ಟಪಡುತ್ತವೆ. ಓಕ್ರಾಂಡ್ ಈ ಸಾಲನ್ನು ಬೇಕೆಂದೇ ಮುರಿದರು. ಒಂದು ಸ್ಥಾನದಿಂದ ತಕಾರವನ್ನು ಹೋಲುವ ಧ್ವನಿಯನ್ನೂ ಇನ್ನೊಂದು ಸ್ಥಾನದಿಂದ ಡಕಾರವನ್ನೂ ತೆಗೆದುಕೊಂಡು ದ, ಟ ಎರಡನ್ನೂ ಬಿಟ್ಟರು. ಷ ಉಂಟು, ಸ ಇಲ್ಲ. ನಮ್ಮ ಕಕಾರ ಇಲ್ಲವೇ ಇಲ್ಲ. ಅದಕ್ಕೂ ಹಿಂದೆ, ಕಿರುನಾಲಿಗೆಯ ಬಳಿ ಹುಟ್ಟುವ ಎರಡು ಧ್ವನಿಗಳಿವೆ.

ಹೀಗೆ 21 ವ್ಯಂಜನಗಳು, 5 ಸ್ವರಗಳು ಸಿದ್ಧವಾದವು. ಇವುಗಳಲ್ಲಿ ಒಂದೊಂದೂ ಭೂಮಿಯ ಯಾವುದಾದರೊಂದು ಭಾಷೆಯಲ್ಲಿ ಸಿಗುತ್ತದೆ. ಭಾಷೆಯ ಹೆಸರಿನಲ್ಲೇ ಬರುವ, 'ತ್ಲ್' ಎಂದು ಸುಮಾರಾಗಿ ಬರೆಯಬಹುದಾದ ಧ್ವನಿ ಮೆಕ್ಸಿಕೊದ ನಾವಾತ್ಲ್ ಭಾಷೆಯದು. ನಾವು ತಿನ್ನುವ ಟೊಮೇಟೊ ಆ ಭಾಷೆಯ 'ತೊಮಾತ್ಲ್' ಎಂಬ ಪದದಿಂದ ಬಂದದ್ದು. ಆದರೆ ಈ ಎಲ್ಲ ಧ್ವನಿಗಳೂ ಒಟ್ಟಿಗೆ ಸೇರಿದ ಭಾಷೆ ಎಲ್ಲೂ ಇಲ್ಲ. ಇಟ್ಟಿಗೆಗಳು ಈ ಲೋಕದವು. ಗೋಡೆ ಮಾತ್ರ ಈ ಲೋಕದ್ದಲ್ಲ. ಕ್ಲಿಂಗಾನರು ತಮ್ಮನ್ನು ಕರೆದುಕೊಳ್ಳುವ ಹೆಸರು 'ತ್ಲಿಙನ್'. ವರ್ಣಮಾಲೆಯಲ್ಲಿ ಕಲಿತು ಮುಂದೆ ಎಲ್ಲೂ ಬಿಡಿಯಾಗಿ ಬಳಸದ ನಮ್ಮ ಙಕಾರಕ್ಕೆ ಅಲ್ಲಿ ಕೆಲಸ ಸಿಕ್ಕಿದೆ!

ವಾಕ್ಯರಚನೆಯಲ್ಲೂ ಇದೇ ತಂತ್ರ. ಕನ್ನಡದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮವಿದೆ. ಇಂಗ್ಲಿಷ್‌ನಲ್ಲಿ ಕರ್ತೃ, ಕ್ರಿಯಾಪದ, ಕರ್ಮ. ಕ್ಲಿಂಗಾನ್‌ನಲ್ಲಿ ಕರ್ಮ ಮೊದಲು, ಕ್ರಿಯಾಪದ ನಡುವೆ, ಕರ್ತೃ ಕೊನೆಗೆ. ಲೋಕದ ಭಾಷೆಗಳಲ್ಲಿ ಈ ಕ್ರಮ ಅತಿ ವಿರಳ. ಬ್ರೆಜಿಲ್‌ನ ಅಮೆಜಾನ್ ಪ್ರದೇಶದ ಹಿಷ್ಕರ್ಯಾನ ಭಾಷೆಯಲ್ಲಿ ಅದು ಇದೆ ಎಂದು 1970ರ ದಶಕದಲ್ಲಿ ಡೆಸ್ಮಂಡ್ ಡರ್ಬಿಶೈರ್ ಎಂಬ ಸಂಶೋಧಕರು ವಿವರಿಸಿದಾಗ ಭಾಷಾವಿಜ್ಞಾನಿಗಳಿಗೆ ಅಚ್ಚರಿಯಾಗಿತ್ತು.

ಅಂಟಿಸಿ ಕಟ್ಟುವ ಪದಗಳು

ಧ್ವನಿಗಳ ಅಚ್ಚು ಸಿದ್ಧವಾದ ಮೇಲೆ ಪದಗಳ ಕೆಲಸ. ಪ್ರತಿಯೊಂದು ಅರ್ಥಕ್ಕೂ ಒಂದೊಂದು ಹೊಸ ಪದ ಹುಟ್ಟಿಸುತ್ತ ಹೋದರೆ ಮುಗಿಯುವಂತಿಲ್ಲ, ಕಲಿಯುವವರಿಗೂ ನೆನಪಿರುವುದಿಲ್ಲ. ಆದ್ದರಿಂದ ಓಕ್ರಾಂಡ್ ಪ್ರತ್ಯಯಗಳ ದೊಡ್ಡ ವ್ಯವಸ್ಥೆಯನ್ನೇ ಮಾಡಿದರು. ನಾಮಪದಕ್ಕೆ ಅಂಟುವ ಪ್ರತ್ಯಯಗಳು ಐದು ವರ್ಗ, ಕ್ರಿಯಾಪದಕ್ಕೆ ಅಂಟುವವು ಒಂಬತ್ತು ವರ್ಗ. ಯಾವ ವರ್ಗದ್ದು ಮೊದಲು, ಯಾವುದು ನಂತರ ಎಂಬುದಕ್ಕೂ ನಿಯಮವುಂಟು. ಕೆಲವು ಉದಾಹರಣೆಗಳನ್ನು ನೋಡೋಣ. ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿರುವ ಉಚ್ಚಾರಣೆ ಸರಿಸುಮಾರಾದದ್ದು ಎಂಬುದು ನೆನಪಿರಲಿ.

'ಬಿಕ್' ಎಂದರೆ ನೀರು. ಹಿರಿದು ಎಂಬ ಅರ್ಥದ 'ಅ' ಪ್ರತ್ಯಯ ಸೇರಿದರೆ 'ಬಿಕ್‌ಅ', ಅಂದರೆ ಸಾಗರ. 'ಯುಕ್' ಎಂದರೆ ಗ್ರಹ. ಕಿರಿದು ಎಂಬ ಅರ್ಥದ 'ಹೊಮ್' ಸೇರಿದರೆ 'ಯುಕ್‌ಹೊಮ್', ಅಂದರೆ ಕಿರುಗ್ರಹ. 'ಹಕ್' ಎಂದರೆ ಶಸ್ತ್ರಚಿಕಿತ್ಸೆ ಮಾಡು. ಅದಕ್ಕೆ 'ವಿ' ಸೇರಿಸಿದರೆ 'ಹಕ್‌ವಿ', ಶಸ್ತ್ರಚಿಕಿತ್ಸಕ. 'ಡೆ' ಎಂದರೆ ದತ್ತಾಂಶ. 'ಡೆವಿ' ಎಂದರೆ ಏನಿರಬಹುದು? ಕಂಪ್ಯೂಟರ್! ನಮ್ಮ 'ಗಣಕ'ವನ್ನು ಕಟ್ಟಿದ ರೀತಿಯೂ ಇದೇ ತಾನೆ? ಎಣಿಕೆಯ 'ಗಣನೆ' ಎಂಬ ಪದಕ್ಕೂ ಅದಕ್ಕೂ ಮೂಲ ಒಂದೇ.

ಬಹುವಚನ ಇನ್ನೂ ಸ್ವಾರಸ್ಯಕರ. ಮಾತನಾಡಬಲ್ಲ ಜೀವಿಗಳಿಗೆ 'ಪು', ದೇಹದ ಅಂಗಗಳಿಗೆ 'ಡು', ಉಳಿದೆಲ್ಲಕ್ಕೂ 'ಮೆಯ್'. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಅನ್ಯಗ್ರಹದ ಚಮತ್ಕಾರವೆನಿಸಬಹುದು. ನಮಗೆ ಹಾಗೇನೂ ಅನ್ನಿಸಬೇಕಿಲ್ಲ. 'ಹುಡುಗರು' ಎನ್ನುತ್ತೇವೆ, 'ಮರಗಳು' ಎನ್ನುತ್ತೇವೆ. 'ಮರರು' ಎಂದು ಯಾರೂ ಹೇಳುವುದಿಲ್ಲ.

ಓಕ್ರಾಂಡ್ ಚೇಷ್ಟೆಗೂ ಜಾಗ ಇಟ್ಟುಕೊಂಡಿದ್ದರು. 'ಚಙ್‌ಎಙ್' ಎಂದರೆ ಜೋಡಿ. ದೇಹಗಳು ಕೂಡಿಕೊಂಡೇ ಹುಟ್ಟಿ 19ನೆಯ ಶತಮಾನದಲ್ಲಿ ಹೆಸರಾದ ಸಯಾಮಿನ ಅವಳಿಗಳ ಹೆಸರು ಚಾಂಗ್ ಮತ್ತು ಎಂಗ್. ಆದರೆ ಇಂಥ ಪದಗಳೂ ಕ್ಲಿಂಗಾನ್‌ನ ಧ್ವನಿನಿಯಮವನ್ನು ಮೀರುವುದಿಲ್ಲ. ತಮಾಷೆಗೂ ಅದೇ ಅಚ್ಚು.

ಅರ್ಥ ಬದಲಾಯಿತು, ವ್ಯಾಕರಣ ಬೆಳೆಯಿತು

ಭಾಷೆಯ ರಚನೆ ಯೋಜನೆಯಂತೆಯೇ ನಡೆಯುವುದಿಲ್ಲ ಎಂಬುದಕ್ಕೆ ಒಂದು ಪ್ರಸಂಗವಿದೆ. 1984ರ ಚಿತ್ರದಲ್ಲಿ ಕ್ಲಿಂಗಾನ್ ದಳಪತಿ ತನ್ನ ಸೈನಿಕನ ಮೇಲೆ ರೇಗುತ್ತಾನೆ. 'ಎಂಜಿನ್‌ಗೆ ಮಾತ್ರ ಎಂದು ನಿನಗೆ ಹೇಳಿದ್ದೆ' ಎಂಬುದು ಅವನ ಮಾತು. ಓಕ್ರಾಂಡ್ ರಚಿಸಿದ ವಾಕ್ಯ 'ಕಜಪು ಜೊನ್ತ ನೆಹ್': 'ಕಜಪು' ಎಂದರೆ ನಿನಗೆ ಹೇಳಿದ್ದೆ, 'ಜೊನ್ತ' ಎಂದರೆ ಎಂಜಿನ್, 'ನೆಹ್' ಎಂದರೆ ಮಾತ್ರ. ಚಿತ್ರೀಕರಣ ಮುಗಿದ ಮೇಲೆ, ತೆರೆಯ ಕೆಳಗೆ ಬರುವ ಅನುವಾದ 'ನನಗೆ ಸೆರೆಯಾಳುಗಳು ಬೇಕಾಗಿದ್ದರು' ಎಂದಿರಬೇಕೆಂದು ತೀರ್ಮಾನವಾಯಿತು. ನಟನ ತುಟಿ ಆಗಲೇ ಆಡಿಯಾಗಿತ್ತು.

ಓಕ್ರಾಂಡ್ ವಾಕ್ಯವನ್ನು ಎಸೆಯಲಿಲ್ಲ. ಬೇರೆ ರೀತಿಯಲ್ಲಿ ಬಿಡಿಸಿದರು. 'ಕಜಪು' ಎಂಬುದು 'ಕಮಪು' ಆಯಿತು. 'ಕಮ' ಎಂದರೆ ಸೆರೆಯಾಳು ಎಂದು ಹೊಸ ಪದ ಬಂತು. ಕ್ರಿಯಾಪದಕ್ಕೆ ಹತ್ತುತ್ತಿದ್ದ 'ಪು' ಪ್ರತ್ಯಯವೇ ಮಾತನಾಡಬಲ್ಲ ಜೀವಿಗಳ ಬಹುವಚನ ಪ್ರತ್ಯಯವೂ ಆಯಿತು. 'ಜೊನ್ತ' ಒಡೆದು 'ಜೊನ್' ಮತ್ತು 'ತ' ಎಂದಾಯಿತು: ಸೆರೆಹಿಡಿ ಎಂಬ ಧಾತು, ಕೆಲಸ ಪೂರೈಸಿತು ಎಂಬ ಪ್ರತ್ಯಯ. 'ನೆಹ್' ಪದಕ್ಕೆ 'ಬಯಸು' ಎಂಬ ಎರಡನೆಯ ಅರ್ಥ ಸೇರಿತು. ಒಂದು ಸಾಲನ್ನು ಉಳಿಸಿಕೊಳ್ಳಲು ಹೋಗಿ ಭಾಷೆಗೆ ಹಲವು ಹೊಸ ಅಂಶಗಳು ದಕ್ಕಿದವು. 1985ರಲ್ಲಿ ಪ್ರಕಟವಾದ ಕ್ಲಿಂಗಾನ್ ನಿಘಂಟಿನಲ್ಲಿ ಅವೆಲ್ಲವೂ ನಿಯಮಗಳಾಗಿ ಸೇರಿಕೊಂಡಿವೆ.

1991ರ ಆರನೆಯ ಚಿತ್ರದಲ್ಲಿ ಇನ್ನೊಂದು ಇಕ್ಕಟ್ಟು. ಕ್ಲಿಂಗಾನ್‌ನಲ್ಲಿ 'ಇರು', 'ಆಗಿರು' ಎಂಬ ಕ್ರಿಯಾಪದವನ್ನು ಓಕ್ರಾಂಡ್ ಬೇಕೆಂದೇ ಬಿಟ್ಟಿದ್ದರು. ಸರ್ವನಾಮಗಳೇ ಆ ಕೆಲಸ ನೋಡಿಕೊಳ್ಳುತ್ತವೆ. ಕನ್ನಡದಲ್ಲೂ 'ಇವರು ನಮ್ಮ ಅಧ್ಯಾಪಕರು' ಎಂದರೆ ವಾಕ್ಯ ಪೂರ್ಣ, ಅಲ್ಲಿ ಕ್ರಿಯಾಪದವೇ ಬೇಕಿಲ್ಲ. ಆದರೆ ಚಿತ್ರಕತೆಯಲ್ಲಿ ಕ್ಲಿಂಗಾನ್ ಸೇನಾಪತಿಯ ಬಾಯಲ್ಲಿ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತದ ಆರಂಭವನ್ನು ಹಾಕಲಾಗಿತ್ತು. ಆ ಸಾಲು ನಿಂತಿರುವುದೇ ಈ ಕ್ರಿಯಾಪದದ ಮೇಲೆ! ಓಕ್ರಾಂಡ್ ಮೊದಲು 'ಬದುಕು' ಎಂಬ ಪದವನ್ನು ಬಳಸಿ ಕೊಟ್ಟರು. ನಟ ಕ್ರಿಸ್ಟಫರ್ ಪ್ಲಮರ್‌ರಿಗೆ ಅದರ ನಾದ ಹಿಡಿಸಲಿಲ್ಲ. ಆಗ ಓಕ್ರಾಂಡ್ ಕ್ರಿಯೆ ಮುಂದುವರಿಯುತ್ತಿದೆ ಎಂದು ಸೂಚಿಸುತ್ತಿದ್ದ 'ತಹ್' ಎಂಬ ಪ್ರತ್ಯಯವನ್ನೇ 'ಮುಂದುವರಿ, ಉಳಿ' ಎಂಬ ಅರ್ಥದ ಸ್ವತಂತ್ರ ಕ್ರಿಯಾಪದವಾಗಿಸಿದರು. ಕೊರತೆಯನ್ನು ಹೊರಗಿನಿಂದ ತಂದು ತುಂಬಲಿಲ್ಲ. ಭಾಷೆಯ ಒಳಗೇ ಹುಡುಕಿ ತೆಗೆದರು. ಮುಂದೆ 1996ರಲ್ಲಿ ಹ್ಯಾಮ್ಲೆಟ್ ನಾಟಕ ಪೂರ್ತಿಯಾಗಿ ಕ್ಲಿಂಗಾನ್‌ನಲ್ಲಿ ಪ್ರಕಟವಾಯಿತು.

ಪದ ಯಾರದು?

ಇಷ್ಟರಲ್ಲಿ ಚಿತ್ರದ ಅಭಿಮಾನಿಗಳು ನಿಘಂಟನ್ನು ಓದಿ ಮಾತನಾಡಲು ಆರಂಭಿಸಿದ್ದರು. 1992ರಲ್ಲಿ ಲಾರೆನ್ಸ್ ಶೋಯೆನ್ ಅವರು ಅಮೆರಿಕದಲ್ಲಿ ಕ್ಲಿಂಗಾನ್ ಭಾಷಾ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥೆಯ ನಿಯತಕಾಲಿಕದ ಹೆಸರು 'ಹೊಲ್‌ಕೆಡ್'. 'ಹೊಲ್' ಎಂದರೆ ಭಾಷೆ, 'ಕೆಡ್' ಎಂದರೆ ವಿಜ್ಞಾನ, ಒಟ್ಟಿಗೆ ಭಾಷಾವಿಜ್ಞಾನ. ಹೊಸ ಪದ ಟಂಕಿಸುವ ಅಧಿಕಾರ ಓಕ್ರಾಂಡ್ ಒಬ್ಬರಿಗೇ ಎಂದು ಈ ಬಳಗ ತಾನಾಗಿಯೇ ಒಪ್ಪಿಕೊಂಡಿತು. ವಾರ್ಷಿಕ ಸಮ್ಮೇಳನಕ್ಕೆ ಸದಸ್ಯರು ತಮಗೆ ಬೇಕಾದ ಪದಗಳ ಪಟ್ಟಿ ತರುವುದು, ಅವುಗಳಲ್ಲಿ ಕೆಲವಕ್ಕೆ ಓಕ್ರಾಂಡ್ ಪದ ಕೊಡುವುದು ರೂಢಿಯಾಯಿತು. ಬೇಡಿಕೆ ಬಳಸುವವರಿಂದ, ಪೂರೈಕೆ ಟಂಕಸಾಲೆಯಿಂದ.

ಪಟ್ಟಿಯಲ್ಲಿ ಏನಿಲ್ಲ ಎಂಬುದು ಬಳಸಿದಾಗಲೇ ತಿಳಿಯುತ್ತದೆ. 1990ರ ದಶಕದಲ್ಲಿ ಅಮೆರಿಕದ ಭಾಷಾವಿಜ್ಞಾನಿಯೊಬ್ಬರು ತಮ್ಮ ಮಗುವಿನೊಡನೆ ಸುಮಾರು ಮೂರು ವರ್ಷ ಕ್ಲಿಂಗಾನ್ ಮಾತ್ರ ಆಡಿದರು. ಅಂತರಿಕ್ಷ ನೌಕೆಗೂ ಆಯುಧಗಳಿಗೂ ಧಾರಾಳವಾಗಿ ಪದಗಳಿದ್ದ ಆ ಭಾಷೆಯಲ್ಲಿ ಮನೆಬಳಕೆಯ ಎಷ್ಟೋ ವಸ್ತುಗಳಿಗೆ ಹೆಸರಿರಲಿಲ್ಲ. ಮನೆಯಲ್ಲಿ ಉಳಿದವರೆಲ್ಲ ಇಂಗ್ಲಿಷ್ ಆಡುತ್ತಿದ್ದರು. ಮಗುವೂ ಕ್ರಮೇಣ ಇಂಗ್ಲಿಷ್‌ಗೇ ಒಲಿಯಿತು. ಒಬ್ಬ ಆಡಿದರೆ ಭಾಷೆಯಾಗುವುದಿಲ್ಲ. ಆಡುವುದಕ್ಕೆ ಇನ್ನೊಬ್ಬ ಬೇಕು, ಇಬ್ಬರಿಗೂ ದಿನಬಳಕೆಯ ಪದಗಳು ಬೇಕು.

2015ರಲ್ಲಿ ಅಭಿಮಾನಿಗಳೇ ನಿರ್ಮಿಸುತ್ತಿದ್ದ ಸ್ಟಾರ್ ಟ್ರೆಕ್ ಚಿತ್ರವೊಂದರ ಮೇಲೆ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಸಂಸ್ಥೆಗಳು ದಾವೆ ಹೂಡಿದವು. ತಮ್ಮ ಹಕ್ಕಿಗೆ ಸೇರಿದ ಅಂಶಗಳ ಪಟ್ಟಿಯಲ್ಲಿ ಕ್ಲಿಂಗಾನ್ ಭಾಷೆಯನ್ನೂ ಹೆಸರಿಸಿದವು. ಭಾಷೆಗಳನ್ನು ಕಟ್ಟುವವರ ಸಂಘವೊಂದು 2016ರಲ್ಲಿ ನ್ಯಾಯಾಲಯದ ಮುಂದೆ ತನ್ನ ವಾದವನ್ನಿಟ್ಟಿತು. ಜನ ಆಡುತ್ತಿರುವ ಭಾಷೆ ಯಾರೊಬ್ಬರ ಆಸ್ತಿಯೂ ಅಲ್ಲ ಎಂಬುದು ಆ ವಾದದ ಸಾರ. 2017ರ ಜನವರಿಯಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿದದ್ದರಿಂದ ಪ್ರಶ್ನೆಗೆ ತೀರ್ಪು ದೊರೆಯಲಿಲ್ಲ.

ಕ್ಲಿಂಗಾನ್ ಹಾಕಿಕೊಟ್ಟ ದಾರಿಯಲ್ಲಿ ಇತರರೂ ನಡೆದರು. 2009ರ 'ಅವತಾರ್' ಚಿತ್ರಕ್ಕೆ ಪಾಲ್ ಫ್ರೋಮರ್ 'ನಾವಿ' ಭಾಷೆಯನ್ನು ಕಟ್ಟಿದರು. ನಮ್ಮ ನೆರೆಯಲ್ಲಿ, 2015ರ 'ಬಾಹುಬಲಿ' ಚಿತ್ರದ ಕಾಲಕೇಯರಿಗಾಗಿ ತಮಿಳು ಕವಿ ಮದನ್ ಕಾರ್ಕಿ 'ಕಿಲಿಕಿ'ಯನ್ನು ರಚಿಸಿದರು.

ಮಾಯವಾದ ಭಾಷೆ, ಮರಳುವ ಪದಗಳು

ಓಕ್ರಾಂಡ್‌ರ ಬದುಕಿನ ಇನ್ನೊಂದು ಅಧ್ಯಾಯವನ್ನು ಹೇಳದಿದ್ದರೆ ಈ ಕತೆ ಅರ್ಧವಾಗುತ್ತದೆ. ಕ್ಲಿಂಗಾನ್‌ಗೆ ಏಳು ವರ್ಷ ಮೊದಲು, 1977ರಲ್ಲಿ, ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ ಮುತ್ಸುನ್ ಭಾಷೆಯ ವ್ಯಾಕರಣ. ಇದು ಕ್ಯಾಲಿಫೋರ್ನಿಯಾದ ಸಾನ್ ಹ್ವಾನ್ ಬೌತಿಸ್ತಾ ಎಂಬಲ್ಲಿನ ಮೂಲನಿವಾಸಿಗಳ ಭಾಷೆ. ಇದನ್ನು ಚೆನ್ನಾಗಿ ಬಲ್ಲ ಕೊನೆಯ ವ್ಯಕ್ತಿ ಅಸೆನ್ಸಿಯೋನ್ ಸೊಲೋರ್ಸಾನೊ ಎಂಬ ವೃದ್ಧೆ. 1930ರಲ್ಲಿ ಆಕೆ ತೀರಿಕೊಳ್ಳುವ ಮೊದಲಿನ ತಿಂಗಳುಗಳಲ್ಲಿ ಜೆ.ಪಿ. ಹ್ಯಾರಿಂಗ್ಟನ್ ಎಂಬ ಸಂಶೋಧಕರು ಪಕ್ಕದಲ್ಲಿ ಕುಳಿತು ಆಕೆಯ ನುಡಿಯನ್ನು ಬರೆದುಕೊಂಡರು. ಆ ಟಿಪ್ಪಣಿಗಳನ್ನು ಆಧರಿಸಿಯೇ ಓಕ್ರಾಂಡ್ ವ್ಯಾಕರಣವನ್ನು ಬಿಡಿಸಿದರು. ಅಂದರೆ, ಆಡುವವರೇ ಇಲ್ಲದ ಭಾಷೆಯೊಂದನ್ನು ಕಾಗದದಿಂದ ಎತ್ತಿ ಜೋಡಿಸಿದವರೇ ಆಡುವವರೇ ಇಲ್ಲದ ಇನ್ನೊಂದು ಭಾಷೆಯನ್ನು ಹೊಸದಾಗಿ ಕಟ್ಟಿದರು.

1990ರ ದಶಕದಿಂದ ಮುತ್ಸುನ್ ಜನರ ವಂಶಸ್ಥರು ತಮ್ಮ ಭಾಷೆಯನ್ನು ಮತ್ತೆ ಕಲಿಯುವ ಪ್ರಯತ್ನದಲ್ಲಿ ತೊಡಗಿದರು. ಓಕ್ರಾಂಡ್‌ರ ಪ್ರಬಂಧ ಅವರಿಗೆ ಮುಖ್ಯ ಆಕರಗಳಲ್ಲಿ ಒಂದಾಯಿತು. 2016ರಲ್ಲಿ ನತಾಶಾ ವಾರ್ನರ್ ಮತ್ತು ಸಂಗಡಿಗರ ಮುತ್ಸುನ್ ನಿಘಂಟು ಪ್ರಕಟವಾಯಿತು. ಈಗ ಯೋಚಿಸಿ: 1930ರಲ್ಲಿ ನಿಂತುಹೋದ ಭಾಷೆಯಲ್ಲಿ ಕಂಪ್ಯೂಟರ್‌ಗೆ, ಮೊಬೈಲ್ ಫೋನ್‌ಗೆ, ಕೃತಕ ಉಪಗ್ರಹಕ್ಕೆ ಪದವಿರಲು ಸಾಧ್ಯವೆ? ಅದನ್ನು ಮತ್ತೆ ಆಡುಭಾಷೆಯಾಗಿ ಮಾಡಬೇಕಾದರೆ ಪದಗಳನ್ನು ಟಂಕಿಸಲೇಬೇಕು. ಹಾಗೆ ಟಂಕಿಸಿದ ಪದ ಇಂಗ್ಲಿಷ್‌ನ ನೆರಳಾಗದೆ ಮುತ್ಸುನ್ ಆಗಿಯೇ ಇರಬೇಕಾದರೆ ಆ ಭಾಷೆಯ ಧ್ವನಿನಿಯಮ, ಧಾತು, ಪ್ರತ್ಯಯಗಳು ಗೊತ್ತಿರಬೇಕು. ಕ್ಲಿಂಗಾನ್‌ನಲ್ಲಿ ಪದ ತಪ್ಪಿದರೆ ಒಂದು ಸಿನಿಮಾ ಸಾಲು ಕೆಡುತ್ತದೆ. ಇಲ್ಲಿ ಒಂದು ಜನಾಂಗದ ನೆನಪೇ ಪಣಕ್ಕಿದೆ. ಆದರೆ ಕೆಲಸದ ವಿಧಾನ ಎರಡಕ್ಕೂ ಒಂದೇ.

ನಮ್ಮ ತರಗತಿಯ ಪದಗಳು

ಕನ್ನಡದಲ್ಲಿ ವಿಜ್ಞಾನ ಹೇಳುವವರೂ ಇದೇ ಟಂಕಸಾಲೆಯ ಕೆಲಸಗಾರರು. ನಮ್ಮ ಪಾರಿಭಾಷಿಕ ಪದಗಳಲ್ಲಿ ಗೆದ್ದವು ಯಾವುವು ನೋಡಿ. 'ದೂರದರ್ಶಕ' ತಿಳಿದ ವಿದ್ಯಾರ್ಥಿ 'ಸೂಕ್ಷ್ಮದರ್ಶಕ', 'ರೋಹಿತದರ್ಶಕ'ಗಳನ್ನು ತಾನೇ ಬಿಡಿಸಿಕೊಳ್ಳುತ್ತಾನೆ. 'ಜಲಜನಕ', 'ಆಮ್ಲಜನಕ', 'ಸಾರಜನಕ'ಗಳಲ್ಲಿ 'ಜನಕ' ಒಂದನ್ನು ಕಲಿತರೆ ಮೂರು ಪದಗಳ ಬಾಗಿಲು ತೆರೆಯುತ್ತದೆ. ಇವು ಒಂಟಿ ಪದಗಳಲ್ಲ, ಬಂಧುಬಳಗವಿರುವ ಪದಗಳು.

ಎರವಲು ಪದಗಳೂ ಹೀಗೆಯೇ. ಬಸ್ 'ಬಸ್ಸು' ಆಗಿದೆ, ಕಾರ್ 'ಕಾರು' ಆಗಿದೆ, ಬಲ್ಬ್ 'ಬಲ್ಬು' ಆಗಿದೆ. ಯಾವ ಸಮಿತಿಯೂ ಕುಳಿತು ಈ ಉಕಾರವನ್ನು ಸೇರಿಸಲಿಲ್ಲ. ಕನ್ನಡದ ನಾಲಿಗೆಯೇ ತನ್ನ ಅಚ್ಚಿಗೆ ಅವನ್ನು ಹಾಕಿಕೊಂಡಿತು. 'ಗಣಕಯಂತ್ರ' ಪುಸ್ತಕಗಳಲ್ಲಿ ಇದ್ದರೂ ಜನ 'ಕಂಪ್ಯೂಟರ್' ಎನ್ನುತ್ತಾರೆ. ಕೊನೆಯ ಮಾತು ಆಡುವವರದೇ.

ಒಂದು ಎಚ್ಚರಿಕೆಯೂ ಉಂಟು. ಆಮ್ಲಗಳನ್ನು ಹುಟ್ಟಿಸುವುದು ಆಕ್ಸಿಜನ್ ಎಂದು ಲವಾಸಿಯೆ ನಂಬಿದ್ದರಿಂದ ಆ ಅನಿಲಕ್ಕೆ ಆ ಗ್ರೀಕ್ ಹೆಸರು ಬಂತು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ ಎಂದು 1810ರ ಸುಮಾರಿಗೆ ಹಂಫ್ರಿ ಡೇವಿ ತೋರಿಸಿದರು. ಹೆಸರು ಮಾತ್ರ ಬದಲಾಗಲಿಲ್ಲ. ನಾವು ಆ ಗ್ರೀಕ್ ಪದವನ್ನು ಬಿಡಿಸಿ 'ಆಮ್ಲಜನಕ' ಎಂದಾಗ ಹಳೆಯ ತಪ್ಪು ನಂಬಿಕೆಯನ್ನೂ ಜೊತೆಯಲ್ಲೇ ಅನುವಾದಿಸಿದೆವು. ಪದ ಒಳ್ಳೆಯದೇ, ತರಗತಿಯಲ್ಲಿ ಅದರ ಕತೆಯನ್ನೂ ಹೇಳಬೇಕು.

ಆದ್ದರಿಂದ ಹೊಸ ಪದವೊಂದು ನಿಮ್ಮ ಎದುರಿಗೆ ಬಂದಾಗ, ಅಥವಾ ನೀವೇ ಒಂದನ್ನು ಟಂಕಿಸಬೇಕಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದು ನಮ್ಮ ನಾಲಿಗೆಯ ಅಚ್ಚಿಗೆ ಹೊಂದುತ್ತದೆಯೆ? ಇದಕ್ಕೆ ಭಾಷೆಯಲ್ಲಿ ನೆಂಟರಿದ್ದಾರೆಯೆ, ಇದರಿಂದ ಇನ್ನಷ್ಟು ಪದಗಳನ್ನು ಪಡೆಯಬಹುದೆ? ಎಂಟನೆಯ ತರಗತಿಯ ಹುಡುಗಿ ಅಥವಾ ಹುಡುಗ ಇದನ್ನು ನಾಳೆ ತಾನಾಗಿಯೇ ಬಳಸಬಹುದೆ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ನಾಣ್ಯ ಚಲಾವಣೆಯಾಗುತ್ತದೆ. ಇಲ್ಲವಾದರೆ ಅದು ಹಿಲ್ಡೆಗಾರ್ಡಳ ಪಟ್ಟಿಯ ಪದದಂತೆ ಹಾಳೆಯ ಮೇಲೆ ಚೆಂದವಾಗಿ ಉಳಿಯುತ್ತದೆ, ಅಷ್ಟೆ.